ಕೇಳಿ, ಹೇಳುತ್ತೇನೆ: ಈ ಸಲ ಚರಂಡಿಯ ಸರದಿ

ಹೋದ ಸಂಚಿಕೆಯಲ್ಲಿ ತಾರಸಿ ಸೋರುವ ಬಗ್ಗೆ ಬರೆಯುತ್ತಾ ಕೊನೆಗೆ ಎರಡು ಸಾಲು ಸೇರಿಸಿದ್ದೆ. 'ನಿಮ್ಮ ಮನೆ ಮುಂದಿನ ಮಳೆನೀರು ಚರಂಡಿಯನ್ನು ಕಟ್ಟಿದ ಮೇಲೆ ಯಾರಾದರೂ ಸ್ಲ್ಯಾಬ್ ಎತ್ತಿ ನೋಡಿದ್ದಾರಾ? ನಾನಂತೂ ಬೆಳಗ್ಗೆ ವಾಕಿಂಗ್‌ಗೆ ಕೋಲು ಹಿಡಿದೇ ಹೋಗುತ್ತೇನೆ' ಅಂತ. ಸುಮ್ನೆ ಬರೆದದ್ದು. ತಾರಸಿ ಬಗ್ಗೆ ಬಂದದ್ದು ಮೂರೇ ಪತ್ರ, ಚರಂಡಿ ಬಗ್ಗೆ ಒಂದು ಚೀಲ. 'ಈ ಸಲ ಪೂರ್ತಿ ಅದನ್ನೇ ಬರೆಯಿರಿ ಸಾರ್' ಅಂದರು ಸಂಪಾದಕರು. ಬರೆದಿದ್ದೇನೆ. ತಿಂಡಿ ತಿನ್ನುತ್ತಾ ಓದಬೇಡಿ, ಅಷ್ಟೇ.

ಹೊಸದಾಗಿ ಓದುವವರಿಗೆ ನನ್ನ ಪರಿಚಯ: ಮೂವತ್ತೊಂದು ವರ್ಷ ರಸ್ತೆ, ಮೋರಿ, ಚರಂಡಿ ಮಾಡಿಸಿ ನಿವೃತ್ತನಾದ ಜೂನಿಯರ್ ಇಂಜಿನಿಯರ್. ಮನೆ ದಾವಣಗೆರೆಯಲ್ಲೇ. ಕಟ್ಟಿಸಿದ್ದಕ್ಕೆ ಸಂಬಳ ಬಂತು. ಕಟ್ಟಿಸಿದ್ದನ್ನು ಎರಡು ವರ್ಷ ಬಿಟ್ಟು ಹೋಗಿ ನೋಡು ಅಂತ ಯಾರೂ ಹೇಳಲಿಲ್ಲ. ನಾನೂ ಹೋಗಲಿಲ್ಲ. ಈಗ ಪಿಂಚಣಿ ತಗೊಂಡು ಹೋಗುತ್ತಿದ್ದೇನೆ.

ಪ್ರಶ್ನೆ: ಮೂರು ವರ್ಷದ ಹಿಂದೆ ನಮ್ಮ ಬೀದಿಗೆ ಹೊಸ ಕಾಂಕ್ರೀಟ್ ಚರಂಡಿ ಆಯಿತು. ಎರಡು ಅಡಿ ಅಗಲ, ಎರಡು ಅಡಿ ಆಳ, ಮೇಲೆ ಸ್ಲ್ಯಾಬ್. ಮೊದಲ ವರ್ಷ ನೀರು ಸರಾಗವಾಗಿ ಹೋಯಿತು. ಈ ಸಲ ಮೇ ತಿಂಗಳಲ್ಲಿ ಒಂದೇ ಗಂಟೆಯ ಮಳೆಗೆ ನೀರು ಹೊಸ್ತಿಲು ದಾಟಿ ಒಳಗೆ ಬಂತು. 'ಹಳೇ ಚರಂಡಿಯೇ ವಾಸಿ ಇತ್ತು' ಅಂತ ನಮ್ಮತ್ತೆ ಅನ್ನುತ್ತಾರೆ. ಹೊಸದು ಇಷ್ಟು ಬೇಗ ಕೆಡುತ್ತಾ? (ನಿಟುವಳ್ಳಿಯ ಗೃಹಿಣಿ, ದಾವಣಗೆರೆ)

ನಿಮ್ಮ ಅತ್ತೆಯವರ ಮಾತನ್ನು ತೆಗೆದುಹಾಕಬೇಡಿ ತಾಯಿ. ಹಳೇ ಚರಂಡಿ ತೆರೆದಿತ್ತು. ಕಸ ಬಿದ್ದರೆ ಕಾಣುತ್ತಿತ್ತು, ನಾತ ಹೊಡೆಯುತ್ತಿತ್ತು, ಯಾರೋ ಒಬ್ಬರು ಬೈದು ತೆಗೆಸುತ್ತಿದ್ದರು. ಹೊಸದಕ್ಕೆ ಸ್ಲ್ಯಾಬ್ ಮುಚ್ಚಿದೆವು. ಬೀದಿ ಚೆಂದ ಆಯಿತು. ಕಾಣದ ಕಸಕ್ಕೆ ಬೈಯುವವರು ಯಾರು?

ನಿಮ್ಮ ಚರಂಡಿ ಕೆಟ್ಟಿರಲಿಕ್ಕಿಲ್ಲ, ತುಂಬಿರುತ್ತೆ. ಹೋದ ವರ್ಷ ನಮ್ಮ ಬೀದಿಯಲ್ಲೂ ಹೀಗೇ ಆಯಿತು. ಇಬ್ಬರು ಆಳು, ಎರಡು ಹಾರೆ ತರಿಸಿ ಮೂರು ಕಡೆ ಸ್ಲ್ಯಾಬ್ ಎತ್ತಿಸಿದೆ. ಸ್ಲ್ಯಾಬಿನ ಕಿವಿಯ ಕೊಂಡಿಗಳೆಲ್ಲ ತುಕ್ಕು ಹಿಡಿದು ಉದುರಿದ್ದವು, ಎತ್ತುವಷ್ಟರಲ್ಲಿ ಒಂದು ಸ್ಲ್ಯಾಬಿನ ಮೂಲೆ ಮುರಿಯಿತು. ಮೇಲ್ಗಡೆ ಗೇಣುದ್ದ ತಿಳಿನೀರು ನಿಂತಿತ್ತು. 'ಸ್ವಚ್ಛ ಐತಲ್ರಿ ಸಾರ್' ಅಂದ ಆಳು. ಕೋಲು ಇಳಿಸಿದೆ. ನೀರು ದಾಟಿ ಮೆತ್ತಗೆ ಕೂತಿತು, ಇನ್ನೂ ಒತ್ತಿದೆ, ಇನ್ನೂ ಇಳಿಯಿತು. ತಳದ ಕಾಂಕ್ರೀಟು 'ಟಕ್' ಅನ್ನುವ ಹೊತ್ತಿಗೆ ಒಂಬತ್ತು ಇಂಚು ಹೂಳಿನೊಳಗೆ ಹೋಗಿತ್ತು. ಸಲಿಕೆಯಲ್ಲಿ ಎತ್ತಿ ಬಾಂಡ್ಲಿಗೆ ಹಾಕಿದರೆ ಏನೇನಿತ್ತು ಕೇಳಿ: ಒಂದು ಮಗುವಿನ ಚಪ್ಪಲಿ, ತೆಂಗಿನ ಚಿಪ್ಪು, ಗಣಪತಿ ಮಂಟಪದ ಥರ್ಮೋಕೋಲು, ಗುಟ್ಕಾ ಚೀಟಿ ಲೆಕ್ಕವಿಲ್ಲ, ಹಾಲಿನ ಪ್ಯಾಕೆಟ್ಟು. ಆದರೆ ಇದೆಲ್ಲ ಸೇರಿದರೂ ಬಾಂಡ್ಲಿಯ ಕಾಲು ಭಾಗ. ಉಳಿದ ಮುಕ್ಕಾಲು ನುಣ್ಣಗಿನ ಬೂದು ಪುಡಿ. ಬೆರಳಲ್ಲಿ ತಿಕ್ಕಿ ನೋಡಿದೆ. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು!

ನಮ್ಮ ಬೀದಿಯಲ್ಲಿ ಅದಕ್ಕೆ ಹಿಂದಿನ ಮೂರು ವರ್ಷದಲ್ಲಿ ನಾಲ್ಕು ಮನೆ ಎದ್ದಿದ್ದವು. ನಾಲ್ಕೂ ಮನೆಯವರು ಮರಳು ರಾಶಿ ಹಾಕಿದ್ದು ಚರಂಡಿ ಮೇಲೇ. ಪ್ರತಿ ಮಳೆಗೂ ಒಂದಿಷ್ಟು ಒಳಗೆ ಇಳಿಯಿತು. ನಾವು ಪ್ಲಾಸ್ಟಿಕ್ಕಿಗೆ ಬೈಯುತ್ತೇವೆ, ಬೈಯಬೇಕಾದ್ದೇ. ಆದರೆ ಹೊಸ ಬಡಾವಣೆಯಲ್ಲಿ ಚರಂಡಿ ತುಂಬಿಸುವುದು ಮುಖ್ಯವಾಗಿ ಮರಳು, ಜಲ್ಲಿಪುಡಿ, ಅಗೆದು ಹಾಗೇ ಬಿಟ್ಟ ಮಣ್ಣು.

ಈಗ ಲೆಕ್ಕ ನೋಡಿ. 24 ಇಂಚು ಆಳದಲ್ಲಿ 9 ಇಂಚು ಹೂಳು. ಉಳಿದದ್ದು 15 ಇಂಚು. ಎಂಟಾಣೆಗಿಂತ ಜಾಸ್ತಿ ಜಾಗ ಉಳಿದಿದೆ, ಪರವಾಗಿಲ್ಲ ಅನ್ನಿಸುತ್ತೆ ಅಲ್ವಾ? ಆದರೆ ನೀರು ಹೋಗುವ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಬಿದ್ದಿರುತ್ತೆ. ಜಾಗ ಕಿರಿದಾದಷ್ಟೂ ನೀರು ತಳಕ್ಕೆ, ಗೋಡೆಗೆ ಉಜ್ಜುವುದು ಜಾಸ್ತಿ. ಕಾಂಕ್ರೀಟಿನ ನುಣುಪು ತಳ ಹೋಗಿ ಹೂಳಿನ ಒರಟು ತಳ ಬಂದಿರುತ್ತೆ. ವೇಗ ಕಡಿಮೆ ಆಯಿತೋ, ಇನ್ನಷ್ಟು ಹೂಳು ಕೂರುತ್ತೆ. ಸಾಲದ ಬಡ್ಡಿ ಇದ್ದ ಹಾಗೆ. ಮೊದಲ ಮೂರು ಇಂಚಿಗೆ ಎರಡು ವರ್ಷ ಬೇಕಾಗಿದ್ದರೆ, ಮುಂದಿನ ಆರು ಇಂಚಿಗೆ ಒಂದೇ ಮಳೆಗಾಲ ಸಾಕು.

ನೀವೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಮಳೆ ನಿಂತ ಮೇಲೆ, ಚರಂಡಿಯಲ್ಲಿ ಇನ್ನೂ ನೀರು ಹರಿಯುವಾಗ, ಒಂದು ಸ್ಲ್ಯಾಬಿನ ಸಂದಿಯಲ್ಲಿ ಒಂದು ಹಿಡಿ ಮಂಡಕ್ಕಿ ಹಾಕಿ. ದಾವಣಗೆರೆಯವರ ಮನೆಯಲ್ಲಿ ಮಂಡಕ್ಕಿ ಇಲ್ಲ ಅನ್ನಬೇಡಿ. ಅಲ್ಲಿಂದ 30 ಅಡಿ ಕೆಳಗಿನ ಸಂದಿಯಲ್ಲಿ ಮಗನನ್ನೋ ಮಗಳನ್ನೋ ನಿಲ್ಲಿಸಿ, ಮಂಡಕ್ಕಿ ಬಂದಾಗ ಕೂಗಲಿ. 15 ಸೆಕೆಂಡಿನೊಳಗೆ ಬಂದರೆ ನೀರು ತನ್ನ ಹೂಳನ್ನು ತಾನೇ ತಳ್ಳಿಕೊಂಡು ಹೋಗುವಷ್ಟು ಜೋರಾಗಿದೆ ಅಂತ ಲೆಕ್ಕ. ಅಂದರೆ ಸೆಕೆಂಡಿಗೆ ಸುಮಾರು 0.6 ಮೀಟರ್. ಅರ್ಧ ನಿಮಿಷ ಹಿಡಿದರೆ ಒಳಗೆ ಹೂಳು ಕೂರುತ್ತಿದೆ. ಬರಲೇ ಇಲ್ಲ ಅಂದರೆ ಮಧ್ಯದಲ್ಲೇ ಏನೋ ಕಟ್ಟಿದೆ, ಆ ಎರಡು ಸಂದಿಯ ನಡುವಿನ ಸ್ಲ್ಯಾಬು ಎತ್ತಿಸಿ ಅಂತ ದೂರು ಕೊಡಿ. ಬೀದಿ ಪೂರ್ತಿ ಅಗೆಯಬೇಕಾಗಿಲ್ಲ. ನಾನು ಮಂಡಕ್ಕಿ ಚೆಲ್ಲುವುದನ್ನು ನೋಡಿ ಮನೆಯವರು 'ಮಿರ್ಚಿ ಬೇಡ್ವಾ ಚರಂಡಿಗೆ?' ಅಂದಿದ್ದರು.

ಇನ್ನೊಂದು ವಿಷಯ. ನಿಮ್ಮ ಮನೆ ಮುಂದೆ ಮಾತ್ರ ನೋಡಿ ಸಮಾಧಾನ ಪಡಬೇಡಿ. ಚರಂಡಿ ಹೋಗಿ ಬೀಳುವ ಕಡೆ, ಅಂದರೆ ರಾಜಕಾಲುವೆ ಸೇರುವ ಬಾಯಿ ತನಕ ಒಂದು ಸಲ ನಡೆದುಕೊಂಡು ಹೋಗಿ. ನೂರಕ್ಕೆ ಎಷ್ಟೋ ಸಲ ರೋಗ ಅಲ್ಲಿರುತ್ತೆ. ಬಾಯಲ್ಲಿ ಗಿಡ ಬೆಳೆದಿರುತ್ತೆ, ಇಲ್ಲಾ ನೀರು ಬಿದ್ದು ಬಿದ್ದು ಕೆಳಗಿನ ಮಣ್ಣು ಕೊರೆದು ಚರಂಡಿಯ ತುದಿ ಅಂತರದಲ್ಲಿ ನೇತಾಡುತ್ತಿರುತ್ತೆ. ಅದು ಮುರಿದರೆ ಬಿರುಕು ಹಿಂದಕ್ಕೆ ಬರುತ್ತಾ ಬರುತ್ತಾ ನಿಮ್ಮ ಮನೆ ತನಕ ಬರುತ್ತೆ.

ಪ್ರಶ್ನೆ: ಹೂಳು ಯಾವ ತಿಂಗಳಲ್ಲಿ ತೆಗೆಸಬೇಕು? ನಮ್ಮಲ್ಲಿ ಜೂನ್‌ನಲ್ಲಿ ಒಂದು ಸಲ ತೆಗೆಯುತ್ತಾರೆ. (ಓದುಗರು, ವಿದ್ಯಾನಗರ, ದಾವಣಗೆರೆ)

ಜೂನ್‌ ಅನ್ನುವುದು ಕರಾವಳಿಯವರ ಕ್ಯಾಲೆಂಡರ್. ನಮ್ಮದು ಬಯಲುಸೀಮೆ. ನಮಗೆ ಮೊದಲ ಹೊಡೆತ ಭರಣಿ, ಕೃತ್ತಿಕೆ ಮಳೆಯದು. ಗುಡುಗು, ಆಲಿಕಲ್ಲು, ಗಾಳಿ, ಒಂದು ಗಂಟೆಯಲ್ಲಿ ಬೀದಿ ಹೊಳೆ. ಭರಣಿ ಹುಟ್ಟುವುದು ಏಪ್ರಿಲ್ ಕೊನೆ ವಾರ. ಹಾಗಾಗಿ ಯುಗಾದಿ ಹಬ್ಬ ಮುಗಿದ ಕೂಡಲೇ ಹೂಳು ತೆಗೆಸಬೇಕು. ಜೂನ್, ಜುಲೈನಲ್ಲಿ ನಮಗೆ ಬರುವುದು ಹೆಚ್ಚಾಗಿ ಜಿಟಿಜಿಟಿ. ಅದಕ್ಕೆ ಹೂಳನ್ನು ತಳ್ಳುವ ಶಕ್ತಿ ಇಲ್ಲ, ತಂದು ಕೂರಿಸುವ ಶಕ್ತಿ ಇದೆ. ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಉತ್ತರೆ, ಹಸ್ತ, ಚಿತ್ತೆ ಮಳೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ದೊಡ್ಡ ಮಳೆ ಬರುವುದು ಆವಾಗಲೇ. ಜೂನ್‌ನಲ್ಲಿ ತೆಗೆಸಿದವರು ಅಷ್ಟು ಹೊತ್ತಿಗೆ ಮರೆತಿರುತ್ತಾರೆ. ಗಣಪತಿ ಬಿಟ್ಟು ಬಂದ ಮರುವಾರ ಇನ್ನೊಂದು ಸಲ ಕೋಲು ಇಳಿಸಿ ನೋಡಿ. ಆಳದಲ್ಲಿ ಕಾಲು ಭಾಗ ತುಂಬಿದ್ದರೆ ತೆಗೆಸಿ, ಇಲ್ಲದಿದ್ದರೆ ಬಿಡಿ. ದುಡ್ಡು ಉಳಿಯುತ್ತೆ.

ತೆಗೆದ ಹೂಳನ್ನು ಚರಂಡಿ ಪಕ್ಕದಲ್ಲೇ ಗುಡ್ಡೆ ಹಾಕಿ 'ಒಣಗಲಿ, ಆಮೇಲೆ ಒಯ್ಯುತ್ತೇವೆ' ಅನ್ನುತ್ತಾರಲ್ಲ, ಅದಕ್ಕಿಂತ ತೆಗೆಯದೇ ಇರುವುದು ಮೇಲು. ಎರಡು ಅಡಿ ಅಗಲದ ಚರಂಡಿಯಲ್ಲಿ ನೂರು ಅಡಿ ಉದ್ದಕ್ಕೆ 9 ಇಂಚು ಹೂಳು ಅಂದರೆ 150 ಘನ ಅಡಿ. ಒಂದು ಟ್ರ್ಯಾಕ್ಟರ್ ಟ್ರೇಲರ್‌ಗೆ ಮಿಕ್ಕುವ ಮಾಲು. ರಾತ್ರಿ ಒಂದು ಮಳೆ ಬಿತ್ತೋ, ಎರಡು ಆಳಿನ ಕೂಲಿ ಸಮೇತ ಎಲ್ಲ ಮತ್ತೆ ಒಳಗೆ.

ಪ್ರಶ್ನೆ: ಕೋಟೆ ಮೇಲಿನ ಹೊಂಡಗಳು ಇಷ್ಟು ಶತಮಾನದ ಮೇಲೂ ಮಳೆನೀರು ಹಿಡಿಯುತ್ತವೆ. ನಮ್ಮ ಬೀದಿ ಚರಂಡಿ ಐದು ವರ್ಷ ಬಾಳಲಿಲ್ಲ. ಹಿಂದಿನವರು ನಮಗಿಂತ ಜಾಣರಾ? (ಡಿಪ್ಲೊಮಾ ಸಿವಿಲ್ ವಿದ್ಯಾರ್ಥಿ, ಚಿತ್ರದುರ್ಗ)

ಜಾಣರು ಹೌದಪ್ಪಾ. ಆದರೆ ನೀನು ನೋಡುತ್ತಿರುವ ಕಡೆ ಅಲ್ಲ. ಕಲ್ಲು ಗಟ್ಟಿ ಇರುವುದು ಆ ಬೆಟ್ಟದ ಗುಣ, ಕಟ್ಟಿದವರ ಜಾಣತನ ಅಲ್ಲ.

ಈ ಸಲ ಕೋಟೆ ಹತ್ತಿದಾಗ ಫೋಟೋ ತೆಗೆಯುವುದನ್ನು ಬಿಟ್ಟು ನೀರಿನ ದಾರಿ ನೋಡು. ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ. ಕೆಳಗೆ ಊರಲ್ಲಿ ಸಿಹಿನೀರು ಹೊಂಡ, ಸಂತೆಹೊಂಡ. ಮೇಲಿನದು ತುಂಬಿ ಹೆಚ್ಚಾದದ್ದು ಕೆಳಗಿನದಕ್ಕೆ. ಇದರಲ್ಲಿ ಏನು ವಿಶೇಷ ಅಂದರೆ, ಬೆಟ್ಟದ ಮಣ್ಣು ಮೇಲಿನ ಹೊಂಡದಲ್ಲೇ ಕೂರುತ್ತೆ. ತುಂಬಿ ಹರಿದದ್ದು ಮೇಲಿನ ತಿಳಿ. ಹೂಳು ಎಲ್ಲಿ ಕೂರಬೇಕು ಅಂತ ಮೊದಲೇ ಜಾಗ ಇಟ್ಟು ಕಟ್ಟಿದ್ದಾರೆ. ತೆಗೆಯುವಾಗ ಎಲ್ಲಿ ತೆಗೆಯಬೇಕು ಅನ್ನುವುದು ಗೊತ್ತಿರುತ್ತೆ. ನಾವು ಬೀದಿ ಚರಂಡಿಗೆ ಹಾಕುವ ಸಿಲ್ಟ್ ಚೇಂಬರ್‌ ಅಂದರೂ ಇದೇ. ನಕ್ಷೆಯಲ್ಲಿ ನೂರು ಅಡಿಗೊಂದು ಇರುತ್ತೆ, ಸ್ಥಳದಲ್ಲಿ ನಾಲ್ಕು ನೂರು ಅಡಿ ನಡೆದರೂ ಒಂದೂ ಸಿಗುವುದಿಲ್ಲ. ಇದ್ದ ಕಡೆ ಮೇಲೆ ಟಾರು ಬಿದ್ದಿರುತ್ತೆ.

ಎರಡನೆಯದು ದುಡ್ಡಿನ ವಿಷಯ. ಚಂದ್ರವಳ್ಳಿಯ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ, ಸುಮಾರು 4ನೇ ಶತಮಾನದ್ದು, ಕೆರೆಯ ವಿಷಯ. ಎಲ್ಲರೂ ಅದನ್ನು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಕೇಳಿದರೆ ಅದು ಉದ್ಘಾಟನೆಯ ಕಲ್ಲು. ನನಗೆ ಅದಕ್ಕಿಂತ ಇಷ್ಟ ಆಮೇಲಿನ ಕಾಲದ, ರಾಜ್ಯದ ಊರೂರಲ್ಲಿ ಸಿಗುವ ಸಣ್ಣ ಶಾಸನಗಳು. ಕೆರೆಯ ಹೂಳು ಹೊರುವ ಬಂಡಿಗೆ ಇಷ್ಟು ಗದ್ದೆ, ಕೋಣಕ್ಕೆ ಇಷ್ಟು, ಏರಿ ದುರಸ್ತಿಗೆ ಇಷ್ಟು ಅಂತ ಬಿಟ್ಟುಕೊಟ್ಟಿರುತ್ತಾರೆ. ಕಟ್ಟುಕೊಡಗೆ ಅನ್ನುತ್ತಿದ್ದರು. ಕೆರೆ ಕಟ್ಟಿದ ದಿನವೇ ಅದನ್ನು ನೋಡಿಕೊಳ್ಳುವವನ ಅನ್ನಕ್ಕೂ ದಾರಿ ಮಾಡಿರುತ್ತಿದ್ದರು. ತೂಬು ತೆಗೆದು ನೀರು ಬಿಡುವುದಕ್ಕೆ ನೀರುಗಂಟಿ ಬೇರೆ. ಕೆರೆ ಒಡೆದರೆ ಮೊದಲು ಯಾರ ಮನೆ ಬಾಗಿಲು ತಟ್ಟಬೇಕು ಅನ್ನುವುದು ಊರಿಗೆಲ್ಲ ಗೊತ್ತಿತ್ತು. ನಿಮ್ಮ ಬೀದಿ ಚರಂಡಿಗೆ ಯಾರ ಬಾಗಿಲು ತಟ್ಟುತ್ತೀ ಹೇಳು ನೋಡೋಣ.

ನಿನ್ನ ಓದಿಗೆ ಉಪಯೋಗ ಆಗುವ ಇನ್ನೊಂದು ಮಾತು. ಹಿರಿಯೂರು ಹತ್ತಿರದ ಮಾರಿಕಣಿವೆ, ಅದೇ ವಾಣಿವಿಲಾಸ ಸಾಗರ, 1907ರಲ್ಲಿ ಮುಗಿದದ್ದು. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಆಮೇಲೆ 2025ರ ಜನವರಿಯಲ್ಲೇ ಮತ್ತೊಮ್ಮೆ. 89 ವರ್ಷ ಕೆಲಸವಿಲ್ಲದೆ ಒಣಗಿದ್ದ ಕೋಡಿ ಒಂದು ದಿನ ಪೂರ್ತಿ ಕೆಲಸ ಮಾಡಬೇಕಾಯಿತು. ಇದನ್ನು ನಮ್ಮ ಊರಿನ ಮೋರಿಗೆ ಹೊಂದಿಸಿ ನೋಡು. 'ಈ ಮೋರಿಯಲ್ಲಿ ನೀರೇ ಹರಿಯುವುದಿಲ್ಲ' ಅಂತ ಬಾಯಿಗೆ ಗೂಡಂಗಡಿ ಇಡುತ್ತಾರೆ. ಹತ್ತು ವರ್ಷ ಹರಿಯಲಿಲ್ಲ ಅಂದರೆ ಹನ್ನೊಂದನೇ ವರ್ಷ ಹರಿಯುವುದಿಲ್ಲ ಅಂತ ಅಲ್ಲ. ಬರಗಾಲದಲ್ಲಿ ಮೋರಿ ನೋಡುವ ಅಭ್ಯಾಸ ಮಾಡಿಕೋ, ಒಣಗಿದ್ದಾಗ ಒಳಗೆ ಬಗ್ಗಿ ನೋಡುವುದೂ ಸುಲಭ.

ಪ್ರಶ್ನೆ: 30x40 ನಿವೇಶನದಲ್ಲಿ ಮನೆ. ತಾರಸಿ ನೀರಿಗೆ ಇಂಗುಗುಂಡಿ ಮಾಡಿಸಿ ಆರು ವರ್ಷ ಆಯಿತು. ಮೊದಲು ನೀರು ಬೇಗ ಇಂಗುತ್ತಿತ್ತು. ಈಗ ವಾರಗಟ್ಟಲೆ ನಿಲ್ಲುತ್ತೆ, ಸೊಳ್ಳೆ ಬೇರೆ. ಮುಚ್ಚಿಬಿಡಲಾ? (ನಿವೃತ್ತ ಶಿಕ್ಷಕರು, ಎಸ್.ಎಸ್. ಬಡಾವಣೆ, ದಾವಣಗೆರೆ)

ಮುಚ್ಚಬೇಡಿ ಮೇಷ್ಟ್ರೇ. ಮೊದಲು ನನ್ನ ದಡ್ಡತನದ ಕಥೆ ಕೇಳಿ.

ನಾನೂ ಮನೆ ಕಟ್ಟಿಸಿದಾಗ ಇಂಗುಗುಂಡಿ ಮಾಡಿಸಿದೆ. ಇಂಜಿನಿಯರ್ ಮನೆ ಅಲ್ವಾ, ಭರ್ಜರಿಯಾಗಿ ಮಾಡಿಸಿದೆ. ಹತ್ತು ಅಡಿ ಆಳ, ಮೂರು ಅಡಿ ಅಗಲದ ದುಂಡು ಗುಂಡಿ, ಒಳಗೆಲ್ಲ ದಪ್ಪ ಜಲ್ಲಿ, ಮೇಲೆ ಮರಳು, ಅದರ ಮೇಲೆ ಮಣ್ಣು. ಮಣ್ಣಿನ ಮೇಲೆ ಕರಿಬೇವಿನ ಗಿಡ ನೆಟ್ಟೆ. ಮುಚ್ಚಳ ಇಡಲಿಲ್ಲ. ಅಂದರೆ ಮತ್ತೆ ನೋಡಬೇಕಾಗುತ್ತೆ ಅನ್ನುವ ಯೋಚನೆಯೇ ನನಗೆ ಬರಲಿಲ್ಲ. ಐದನೇ ವರ್ಷ ಕಾಂಪೌಂಡ್ ಗೋಡೆಯಲ್ಲಿ ಬಿರುಕು ಕಾಣಿಸಿತು, ಮೊದಲು ಕೂದಲೆಳೆ, ಆಮೇಲೆ ಹತ್ತು ಪೈಸೆ ನಾಣ್ಯ ತೂರಿಸುವಷ್ಟು. ನಮ್ಮ ಕಡೆ ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗಿ ಬಿರಿಯುತ್ತೆ. ಗುಂಡಿ ಕಟ್ಟಿಕೊಂಡು ತಾರಸಿ ನೀರೆಲ್ಲ ಪಕ್ಕಕ್ಕೆ, ಗೋಡೆಯ ಪಾಯದ ಕಡೆ ಹೋಗುತ್ತಿತ್ತು. ಕರಿಬೇವು ಕಿತ್ತು ಅಗೆಸಿದೆ. ಜಲ್ಲಿ ಕಲ್ಲಿನ ಸಂದುಗಳಲ್ಲಿ ರಾಗಿ ಅಂಬಲಿ ತರಹದ ಕೆಸರು. ತಾರಸಿ ಮೇಲಿನ ಧೂಳು, ಬೇವಿನ ಎಲೆ, ಪಾರಿವಾಳದ ಹಿಕ್ಕೆ, ಎಲ್ಲ ಐದು ವರ್ಷ ಸೇರಿದ್ದು.

ಈಗ ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 30x40 ಅಂದರೆ 1200 ಚದರ ಅಡಿ, ಸುಮಾರು 111 ಚದರ ಮೀಟರ್. ಅಷ್ಟೂ ತಾರಸಿ ಅಂತ ಹಿಡಿದರೆ 20 ಮಿಲಿಮೀಟರಿನ ಒಂದು ಒಳ್ಳೇ ಮಳೆಗೆ 2,000 ಲೀಟರಿಗೂ ಜಾಸ್ತಿ. ನಮ್ಮ ಹತ್ತು ಅಡಿ ಗುಂಡಿ ಖಾಲಿ ಇದ್ದರೆ ಹಿಡಿಯುವುದು ಸರಿಯಾಗಿ 2,000 ಲೀಟರ್. ಜಲ್ಲಿ ತುಂಬಿದರೆ ಸಂದುಗಳ ಜಾಗ ಮಾತ್ರ, 800 ಲೀಟರ್ ಸಿಕ್ಕರೆ ಹೆಚ್ಚು. ಕೆಸರು ಕೂತ ಮೇಲೆ ಅದೂ ಇಲ್ಲ. ಅದಕ್ಕೇ ಎರಡನೇ ಸಲ ಜಲ್ಲಿ ಹಾಕಲೇ ಇಲ್ಲ. ಸಿಮೆಂಟ್ ರಿಂಗ್ ಇಳಿಸಿ ಒಳಗೆ ಖಾಲಿ ಬಿಟ್ಟೆ, ತಳದಲ್ಲಿ ಮಾತ್ರ ಒಂದು ಅಡಿ ಜಲ್ಲಿ. ನೀರು ಒಳಗೆ ಹೋಗುವ ಮೊದಲು ಒಂದೂವರೆ ಅಡಿಯ ಸಣ್ಣ ಸಿಲ್ಟ್ ಚೇಂಬರ್, ಬಾಯಿಗೆ ಜಾಲರಿ. ಮೇಲೆ ಕಬ್ಬಿಣದ ಮುಚ್ಚಳ, ನಮ್ಮ ಮನೆಯವರೂ ಒಂದೇ ಕೈಯಲ್ಲಿ ಎತ್ತುವಂಥದ್ದು. ಇದು ಮುಖ್ಯ. ಎತ್ತಲು ಇಬ್ಬರು ಬೇಕಾದ ಮುಚ್ಚಳವನ್ನು ಯಾರೂ ಎತ್ತುವುದಿಲ್ಲ. ಆದರೆ ಮಕ್ಕಳಿರುವ ಮನೆಯಾದರೆ ಬೀಗ ಹಾಕಿ.

ನಿಮ್ಮ ಗುಂಡಿ ಸಾಯುವ ಮೊದಲು ಸೂಚನೆ ಕೊಟ್ಟಿರುತ್ತೆ ಮೇಷ್ಟ್ರೇ, ನೀವು ಬರೆದಿಟ್ಟಿಲ್ಲ. ಮಳೆ ನಿಂತ ಹೊತ್ತು, ಗುಂಡಿ ಖಾಲಿ ಆದ ಹೊತ್ತು, ಇಷ್ಟೇ ಗೋಡೆ ಕ್ಯಾಲೆಂಡರ್ ಮೇಲೆ ಬರೆಯಿರಿ. ಮೊದಲ ವರ್ಷ ಹತ್ತು ಗಂಟೆ, ಮರುವರ್ಷ ಇಪ್ಪತ್ತು ಅಂದರೆ ತಳ ಕಟ್ಟಿಕೊಳ್ಳುತ್ತಿದೆ. 48 ಗಂಟೆ ತನಕ ಸರಿ. 72 ದಾಟಿದರೆ ತಳದ ಜಲ್ಲಿ ತೆಗೆದು ತೊಳೆದು ಹಾಕುವ ಸಮಯ. ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು. ಡೆಂಗ್ಯೂ ಸೊಳ್ಳೆಗೆ ತಿಳಿನೀರೇ ಪ್ರೀತಿ. ವಾರಗಟ್ಟಲೆ ನಿಲ್ಲುವ ಗುಂಡಿ ಅಂದರೆ ಅದಕ್ಕೆ ನೀವು ಕಟ್ಟಿಸಿಕೊಟ್ಟ ಮನೆ.

ಒಂದು ಸಲ ಪೂರ್ತಿ ತೊಳೆಸಿದ ಮೇಲೂ ಇಂಗದಿದ್ದರೆ ಗುಂಡಿಯ ತಳ ಎರೆ ಮಣ್ಣಲ್ಲೇ ನಿಂತಿದೆ ಅಂತ ಅರ್ಥ. ಅದರ ಕೆಳಗೆ ಗರಸು ಸಿಗುವ ತನಕ ಬೋರ್ ಹೊಡೆಸಿದರೆ ಉಂಟು, ಇಲ್ಲದಿದ್ದರೆ ತಾರಸಿ ನೀರನ್ನು ಸಂಪಿಗೆ ಬಿಟ್ಟು ಬಳಸಿಕೊಳ್ಳುವುದೇ ಸರಿ.

ಪ್ರಶ್ನೆ: ನಮ್ಮ ಬಡಾವಣೆಯ ಪಾರ್ಕಿನ ಒಂದು ಮೂಲೆ ತಗ್ಗು. ಮಳೆ ಬಂದರೆ ಎರಡು ದಿನ ನೀರು ನಿಲ್ಲುತ್ತೆ. ಮಣ್ಣು ಹೊಡೆಸಿ ಶಟಲ್ ಕೋರ್ಟ್ ಮಾಡೋಣ ಅಂತ ಸಂಘದಲ್ಲಿ ತೀರ್ಮಾನ ಆಗಿದೆ. ಎಷ್ಟು ಎತ್ತರ ತುಂಬಿಸಬೇಕು? (ಬಡಾವಣೆ ಸಂಘದ ಕಾರ್ಯದರ್ಶಿ, ದಾವಣಗೆರೆ ಹೊರವಲಯ)

ತಡೀರಿ ಸ್ವಾಮಿ, ಲಾರಿಗೆ ಹೇಳಬೇಡಿ!

ಆ ತಗ್ಗಿಗೆ ಯಾವುದಾದರೂ ಪೈಪ್ ಬಂದು ಸೇರುತ್ತಾ? ಇನ್ನೊಂದು ಕಡೆ ಸ್ವಲ್ಪ ಎತ್ತರದಲ್ಲಿ ಸಣ್ಣ ಕಿಂಡಿ ಇದೆಯಾ? ಹೋಗಿ ನೋಡಿ. ಇದ್ದರೆ ಅದು ತಗ್ಗಲ್ಲ, ಬೇಕೆಂದೇ ಮಾಡಿದ ಹೊಂಡ. ಜೋರು ಮಳೆಯ ನೀರನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ನಿಧಾನಕ್ಕೆ ಕೆಳಗಿನ ಚರಂಡಿಗೆ ಬಿಡಲು. ಎರಡು ದಿನಕ್ಕೆ ಖಾಲಿ ಆಗುತ್ತೆ ಅಂದರೆ ಅದು ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. ನೀವು ಅದಕ್ಕೆ ಮಣ್ಣು ತುಂಬಿಸಿದರೆ ಆ ನೀರು ಎಲ್ಲಿಗೆ ಹೋಗಬೇಕು? ಬಡಾವಣೆಯ ಕೆಳಗಿನ ಸಾಲಿನ ಮನೆಗಳಿಗೆ. ಬೇಕಾದರೆ ಬೇಸಿಗೆಯಲ್ಲಿ ಅಲ್ಲೇ ಮಕ್ಕಳು ಕ್ರಿಕೆಟ್ ಆಡಲಿ. ಹುಲ್ಲು ಕತ್ತರಿಸಿ, ಕಿಂಡಿಯ ಬಾಯಿ ಬಿಡಿಸಿಡಿ, ಮೂರು ನಾಲ್ಕು ವರ್ಷಕ್ಕೊಮ್ಮೆ ತಳದ ಮಣ್ಣು ಎತ್ತಿಸಿ.

ತಪ್ಪು ನಿಮ್ಮದಲ್ಲ. ಬಡಾವಣೆ ಮಾಡಿದವರು ಕೈಬದಲು ಮಾಡುವಾಗ ನಿಮಗೆ ಹೇಳಬೇಕಿತ್ತು. ಈಗಲಾದರೂ ಆಸ್-ಬಿಲ್ಟ್ ಡ್ರಾಯಿಂಗ್ ಕೇಳಿ ಪಡೆಯಿರಿ. ಅಂದರೆ ಮಾಡಬೇಕು ಅಂತ ಬರೆದ ನಕ್ಷೆ ಅಲ್ಲ, ಮಾಡಿದ್ದನ್ನು ಮಾಡಿದ ಹಾಗೇ ಬರೆದ ನಕ್ಷೆ. ಎರಡಕ್ಕೂ ಅಜಗಜಾಂತರ. ಚರಂಡಿಯ ಇಳಿಜಾರು ಯಾವ ಕಡೆ, ಚೇಂಬರ್ ಎಲ್ಲೆಲ್ಲಿ, ನೀರು ಕೊನೆಗೆ ಬೀಳುವುದು ಎಲ್ಲಿ, ಮೂರೂ ಅದರಲ್ಲಿರಬೇಕು. ಜೊತೆಗೆ ಟೆಂಡರ್ ಕರಾರಿನ ಡಿಫೆಕ್ಟ್ ಲಯಬಿಲಿಟಿ ಅವಧಿ ಎಷ್ಟು, ಯಾವ ತಾರೀಖಿಗೆ ಮುಗಿಯುತ್ತೆ ಅಂತ ತಿಳಿದುಕೊಳ್ಳಿ. ಆ ತಾರೀಖಿಗೆ ಎರಡು ತಿಂಗಳ ಮುಂಚೆ ಇಡೀ ಬಡಾವಣೆ ಸುತ್ತಿ ಬಿರುಕು, ಕುಸಿತ, ಕಂಬಿ ಕಾಣುವ ಸ್ಲ್ಯಾಬು ಎಲ್ಲ ಬರೆದು ಕೊಟ್ಟರೆ ಗುತ್ತಿಗೆದಾರನೇ ಸರಿಮಾಡಬೇಕು. ಒಂದು ದಿನ ತಡವಾದರೆ ನಿಮ್ಮ ತಲೆ ಮೇಲೆ.

ಕಾಗದ ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ, 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನಮ್ಮ ಜನ ಅರ್ಜಿಯಲ್ಲಿ ತಮ್ಮ ಜೀವನಚರಿತ್ರೆ ಬರೆಯುತ್ತಾರೆ, ಅದಕ್ಕೇ ವಾಪಸ್ ಬರುತ್ತೆ. ಕೇಂದ್ರ ಸರ್ಕಾರ 2019ರಲ್ಲಿ ಮಳೆನೀರು ಚರಂಡಿಗೆ ಅಂತಲೇ 'ಮ್ಯಾನ್ಯುಯಲ್ ಆನ್ ಸ್ಟಾರ್ಮ್ ವಾಟರ್ ಡ್ರೈನೇಜ್ ಸಿಸ್ಟಮ್ಸ್' ಅನ್ನುವ ಒಂದು ಕೈಪಿಡಿ ಹೊರತಂದಿದೆ, ಅದರಲ್ಲಿ ನಿರ್ವಹಣೆಗೇ ಬೇರೆ ಭಾಗ ಇದೆ. ಅರ್ಜಿ ಹಿಡಿದು ಹೋಗುವಾಗ ಅದರ ಹೆಸರು ಎತ್ತಿ. ಕುರ್ಚಿಯಲ್ಲಿ ಇರುವವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ. ನಾನೂ ಆ ಕುರ್ಚಿಯಲ್ಲಿ ಕೂತವನೇ, ಗೊತ್ತು.

ಸಂಘದಲ್ಲಿ ಒಂದು ನೂರು ಪುಟದ ನೋಟ್ ಬುಕ್ ಇಡಿ. ತಾರೀಖು, ಜಾಗ, ಹೂಳು ಎಷ್ಟು ಇಂಚು, ಯಾರು ನೋಡಿದರು. ನಾಲ್ಕೇ ಕಾಲಂ. ಮೊಬೈಲ್ ಫೋಟೋ ಬೇಡ ಅನ್ನುವುದಿಲ್ಲ, ಆದರೆ ಗ್ರೂಪಿನಲ್ಲಿ ಹಾಕಿದ ಫೋಟೋ ಮರುದಿನದ ಗುಡ್ ಮಾರ್ನಿಂಗ್ ಹೂವಿನ ಕೆಳಗೆ ಹೂತು ಹೋಗುತ್ತೆ.

ಪ್ರಶ್ನೆ: ಬೈಕ್ ಹತ್ತಿಸಲು ಚರಂಡಿ ಮೇಲೆ ರ‍್ಯಾಂಪ್ ಹಾಕಿಸಿದ್ದೇವೆ. ನೀರು ಹೋಗಲಿ ಅಂತ ಒಳಗೆ ಆರು ಇಂಚಿನ ಪೈಪ್ ಬಿಟ್ಟಿದ್ದೇವೆ. ಆದರೂ ಮೇಲಿನ ಮನೆಯವರು ಜಗಳಕ್ಕೆ ಬರುತ್ತಾರೆ. (ಓದುಗರು, ಹೊಳಲ್ಕೆರೆ ರಸ್ತೆ, ಚಿತ್ರದುರ್ಗ)

ಬರಲೇಬೇಕಲ್ಲ. ಎರಡು ಅಡಿ ಚರಂಡಿಗೆ ಆರು ಇಂಚಿನ ಪೈಪ್ ಅಂದರೆ ಬಾಯಿ ಇಪ್ಪತ್ತರಲ್ಲಿ ಒಂದು ಪಾಲು. ಒಂದು ತೆಂಗಿನ ಚಿಪ್ಪು ಅಡ್ಡ ಬಂದರೆ ಅದೂ ಇಲ್ಲ. ರ‍್ಯಾಂಪ್ ಒಡೆಸಿ, ಎತ್ತಲು ಬರುವ ಕಬ್ಬಿಣದ ಜಾಲರಿ ಹಾಕಿಸಿ. ಆಮೇಲೆ ಹಬ್ಬಕ್ಕೆ ಅವರ ಮನೆಗೆ ಹೋಳಿಗೆ ಕಳಿಸಿ.

ಪ್ರಶ್ನೆ: ಮುಚ್ಚಿದ ಚರಂಡಿ ಕಟ್ಟಿಕೊಂಡಿದೆ. ಒಬ್ಬರು ಐನೂರು ರೂಪಾಯಿಗೆ ಒಳಗೆ ಇಳಿದು ತೆಗೆಯುತ್ತೇನೆ ಅನ್ನುತ್ತಾರೆ. ಇಳಿಸಬಹುದಾ? (ಅಂಗಡಿ ಮಾಲೀಕರು, ದಾವಣಗೆರೆ)

ಇಳಿಸಬೇಡಿ. ನಮ್ಮ ಊರುಗಳಲ್ಲಿ ಮಳೆನೀರು ಚರಂಡಿಗೆ ಯಾರ‍್ಯಾರೋ ಶೌಚದ ಪೈಪ್ ಸೇರಿಸಿರುತ್ತಾರೆ. ಮುಚ್ಚಿದ ಕಡೆ ಕೆಸರು ಕಲಕಿದ ಕೂಡಲೇ ವಿಷಗಾಳಿ ಏಳುತ್ತೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತೆ, ಜಾಸ್ತಿಯಾದರೆ ವಾಸನೆ ಹಿಡಿಯುವ ಶಕ್ತಿಯೇ ಹೋಗುತ್ತೆ. ಇಳಿದವನು ಬಿದ್ದರೆ ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಯುಜಿಡಿ, ಅಂದರೆ ಒಳಚರಂಡಿಯ ಮ್ಯಾನ್‌ಹೋಲ್‌ಗೆ, ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆ ಇಲ್ಲದೆ ಆಳು ಇಳಿಸುವುದನ್ನು ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆ ನಿಷೇಧಿಸಿದೆ. ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು, ಇಲ್ಲಾ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಜೋರಾಗಿ ನೀರು ಚಿಮ್ಮಿಸುವ ಜೆಟ್ಟಿಂಗ್ ಗಾಡಿ, ಕೆಸರು ಹೀರುವ ಸಕ್ಕಿಂಗ್ ಗಾಡಿ ಇರುವುದೇ ಇದಕ್ಕೆ. ಗಾಡಿ ಬರುವುದು ಮೂರು ದಿನ ತಡ ಆದರೆ ಆಗಲಿ. ಅಲ್ಲಿತನಕ ಅಂಗಡಿ ಮುಂದೆ ನಾತ ಇರುತ್ತೆ, ಇರಲಿ.

ಪ್ರಶ್ನೆ: ನಿಮ್ಮ ಕೋಲು ಎಲ್ಲಿ ಸಿಗುತ್ತೆ? (ಏಳನೇ ತರಗತಿ ವಿದ್ಯಾರ್ಥಿನಿ, ಹರಿಹರ)

ಅಂಗಡಿಯಲ್ಲಿ ಸಿಗುವುದಿಲ್ಲ ಪುಟ್ಟಿ, ಮಾಡಿಕೊಳ್ಳಬೇಕು. ಐದು ಅಡಿಯ ಬಿದಿರು ಗಳ ತಗೊ, ಗಂಟುಗಳನ್ನು ಕೆತ್ತಿ ನಯ ಮಾಡಿಸು. ತುದಿಗೆ ಒಂದು ಹಳೇ ಸ್ಟೀಲ್ ಲೋಟದ ತಳ ಬೋರಲು ಹಾಕಿ ಮೊಳೆ ಹೊಡೆಸು, ಇಲ್ಲದಿದ್ದರೆ ಬಿದಿರು ಸೀಳುತ್ತೆ. ಕೆಳಗಿನಿಂದ ಮೂರು ಮೂರು ಇಂಚಿಗೆ ಒಂದು ಪಟ್ಟಿ, ಒಂದು ಕೆಂಪು, ಒಂದು ಬಿಳಿ, ಆಯಿಲ್ ಪೇಂಟ್‌ನಲ್ಲಿ. ಮೊದಲು ಕೋಲನ್ನು ಮೆಲ್ಲಗೆ ಬಿಡು, ಹೂಳಿನ ಮೇಲೆ ನಿಲ್ಲುತ್ತೆ, ಎಷ್ಟನೇ ಪಟ್ಟಿ ತನಕ ನೀರು ಅಂತ ನೋಡು. ಆಮೇಲೆ ಒತ್ತು, ತಳ ಮುಟ್ಟಿದಾಗ ಮತ್ತೆ ನೋಡು. ಎರಡರ ವ್ಯತ್ಯಾಸವೇ ಹೂಳು. ಅಪ್ಪ ಇಲ್ಲಾ ಅಮ್ಮ ಜೊತೆಗಿದ್ದಾಗ ಮಾತ್ರ ಮಾಡು, ಮಳೆ ಬರುವಾಗ ಬೇಡ, ತೆರೆದ ಚರಂಡಿಯ ಅಂಚಿಗೆ ಹೋಗಬೇಡ. ಮನೆಗೆ ಬಂದು ಕೋಲನ್ನೂ ಕೈಯನ್ನೂ ಸೋಪು ಹಾಕಿ ತೊಳಿ. ಅಳತೆ ಎಷ್ಟು ಬಂತು ಅಂತ ನನಗೆ ಬರಿ, ಬೀದಿ ಹೆಸರು ಸಮೇತ.